ಅವ್ವನ ನಡಿಗೆ ಕೆಡಿಸಿದ ಸರ್

ಪೊಟ್ಟಣ ಬಿಚ್ಚಿದ್ದೇ ತಡ, ತಂಬಾಕಿನ ಘಾಟು ಮೂಗಿಗೆ ಬಡಿಯಿತು. ಸುತ್ತಿದ್ದ ಹಳೆಯ ಮರಾಠಿ ಪೇಪರಿಗೂ ಅದೇ ವಾಸನೆ, ಒಳಗಿದ್ದ ಹಾರ್ಡ್ ಡಿಸ್ಕಿಗೂ ಅದೇ. ನಿಪ್ಪಾಣಿಯಲ್ಲಿ ನಮ್ಮ ಅನಿಮೇಷನ್ ಕ್ಲಾಸು ನಡೆಯುತ್ತಿದ್ದದ್ದು ತಂಬಾಕಿನ ಗೋದಾಮಿನ ಮೇಲಿನ ಕೋಣೆಯಲ್ಲಿ. ಅಲ್ಲಿ ಕಲಿತಷ್ಟು ದಿನವೂ ನಾವು ಸೀನುತ್ತಲೇ ಕಲಿತೆವು. ಆ ಘಾಟಿನ ಬೆನ್ನಿಗೇ ನಮ್ಮ ಸರ್ ಕೂಡ ಕಣ್ಣ ಮುಂದೆ ಬಂದು ನಿಂತರು... ನಾನೇನೂ ಅವರನ್ನು ಕರೆದಿರಲಿಲ್ಲ.

ಡಿಸ್ಕು ತಂದುಕೊಟ್ಟವನು ನನ್ನ ಸಹಪಾಠಿ, ಕಬ್ಬೂರಿನವನು. ಈಗ ರಾಯಬಾಗದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದಾನೆ. ಸರ್ ತೀರಿಕೊಂಡ ಮೇಲೆ ಕ್ಲಾಸಿನ ಹಳೆಯ ಕಂಪ್ಯೂಟರುಗಳನ್ನು ಅವನೇ ಒಯ್ದಿದ್ದ. ಸುದ್ದಿ ಬಂದ ದಿನ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಕೈ ಮುಗಿದ ಚಿತ್ರ ಹಾಕಿದ್ದರು. ನಾನು ಹಾಕಿರಲಿಲ್ಲ. ಅದನ್ನು ಅವನು ಗಮನಿಸಿದ್ದ.

"ಹೋದ್ರಲ್ಲ ಬಿಡ ಇನ್ನ. ಎಷ್ಟ ದಿನ ಸಿಟ್ಟ ಇಟ್ಕೊಂಡ ಕುಂದರತಿ?" ಅಂದ.

"ನಂಗ ಬೇಕಾದಷ್ಟ ದಿನ," ಅಂದೆ.

ಅವನು ಚಹಾದ ಕಪ್ಪು ಕೆಳಗಿಟ್ಟು, "ಇದರಾಗ ನಿನ್ನ ಹೆಸರಿಂದು ಫೋಲ್ಡರ್ ಐತಿ. ನಿಮ್ಮವ್ವನ ಫೈಲ್ ಅದರಾಗ ಇರಬೇಕ ನೋಡ. ನಾ ತಗದ ನೋಡಿಲ್ಲ," ಎಂದು ಎದ್ದು ಹೋದ. ಅವನು ಮೆಟ್ಟಿಲಿಳಿಯುವವರೆಗೂ ನನಗೆ ಡಿಸ್ಕು ಮುಟ್ಟಲು ಧೈರ್ಯ ಬರಲಿಲ್ಲ.

ನನ್ನ ಕೆಲಸ ಏನೆಂದು ಕೇಳಿದವರಿಗೆ ನಾನು ಹೇಳುವುದು ಇಷ್ಟೇ: ಕಂಪ್ಯೂಟರಿನೊಳಗಿನ ಗೊಂಬೆಗೆ ಎಲುಬು ಕೂಡಿಸುತ್ತೇನೆ. ಯಾರೋ ಮನುಷ್ಯನ ಆಕಾರ ಮಾಡಿ ಕಳಿಸುತ್ತಾರೆ. ಅದಕ್ಕೆ ಸೊಂಟ, ಮೊಣಕಾಲು, ಹೆಗಲು, ಕುತ್ತಿಗೆ ಎಲ್ಲೆಲ್ಲಿ ಮಡಚಬೇಕು, ಎಷ್ಟು ಮಡಚಬೇಕು, ಒಂದು ಎಳೆದರೆ ಇನ್ನೊಂದು ಎಷ್ಟು ಸರಿಯಬೇಕು ಎಂದು ಗೊತ್ತುಮಾಡುವುದು ನನ್ನ ಪಾಲು. ಚಿಕ್ಕೋಡಿಯ ಈ ಬಾಡಿಗೆ ಮಾಳಿಗೆಯಲ್ಲಿ ಕುಳಿತು ಎಷ್ಟೋ ಜನರನ್ನು ನಡೆಸಿದ್ದೇನೆ. ಅನ್ನ ಹಾಕುವ ಈ ವಿದ್ಯೆ ಕಲಿಸಿದವರು ಆ ಸರ್. ಅದನ್ನು ಇಲ್ಲವೆನ್ನುವುದಿಲ್ಲ. ಇಲ್ಲವೆನ್ನಲು ಆಗುವುದಿಲ್ಲವಲ್ಲ ಎಂಬುದೇ ನನ್ನ ಹೊಟ್ಟೆಯುರಿ.

ಅವರಿಗೆ ಕಲಿಸಲು ಬರುತ್ತಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಾಯಲ್ಲಿ ಸದಾ ಲವಂಗ, ಮಾತಿನಲ್ಲಿ ಅರ್ಧ ಮರಾಠಿ. ಬೇರೆ ಕಡೆ ವಿಡಿಯೋ ಪಕ್ಕಕ್ಕಿಟ್ಟುಕೊಂಡು ಅದರ ಮೇಲೇ ಗೊಂಬೆ ನಡೆಸುತ್ತಾರೆ. ನಮ್ಮಲ್ಲಿ ಅದು ಬಂದ್. "ಫೋನ್ ಒಳಗ ಇಡ್ರಿ. ಕಣ್ಣಿಲೆ ನೋಡ್ರಿ, ಆಮ್ಯಾಲ ಎದ್ದ ನಿಂತ ನೀವೇ ನಡೀರಿ. ನಿಮ್ಮ ಮೈಗೆ ತಿಳೀಲಿಲ್ಲ ಅಂದ್ರ ಗೊಂಬಿಗೆ ಏನ್ ತಿಳೀತೈತಿ?" ಅನ್ನುತ್ತಿದ್ದರು. ನಾವು ಮೇಜುಗಳನ್ನು ಸರಿಸಿ ಮುದುಕರಂತೆ, ಬಸುರಿಯರಂತೆ, ಕುಡುಕರಂತೆ ನಡೆಯುತ್ತಿದ್ದೆವು. ಕೆಳಗೆ ತಂಬಾಕು ಆರಿಸುವ ಹೆಂಗಸರು ಈ ಧಡಧಡ ಸದ್ದಿಗೆ ಬೈಯುತ್ತಿದ್ದರು.

ಕೋರ್ಸಿನ ಕೊನೆಗೆ ಎಲ್ಲರೂ ತಮಗೆ ಬೇಕಾದ ಒಬ್ಬರ ನಡಿಗೆ ಮಾಡಿ ತೋರಿಸಬೇಕಿತ್ತು. ನಾನು ಅವ್ವನದು ಮಾಡಿದೆ.

ಉಗಾರ ಬುದ್ರುಕದ ನಮ್ಮ ಮನೆಯಲ್ಲಿ ಎಮ್ಮೆಗಳಿದ್ದವು. ಕಬ್ಬು ಕಡಿದ ಮೇಲೆ ಉಳಿಯುವ ಹಸಿರು ತುದಿಗೆ ನಮ್ಮ ಕಡೆ ವಾಡಿ ಅನ್ನುತ್ತಾರೆ. ಅವ್ವ ಅದನ್ನು ಹೊರೆ ಕಟ್ಟಿ, ತಲೆಗೆ ಬಟ್ಟೆಯ ಸಿಂಬೆ ಇಟ್ಟು ಅದರ ಮೇಲೆ ಹೊತ್ತು ತರುತ್ತಿದ್ದಳು. ನಾನು ಚಿಕ್ಕವಳಿದ್ದಾಗ ಕಬ್ಬಿನ ಟ್ರಾಲಿಯಿಂದ ಬಿದ್ದು ಅವಳ ಎಡಸೊಂಟ ಕೆಟ್ಟಿತ್ತು. ಆ ಕಾಲು ಮಡಚದೆ, ಹೊರಗಿನಿಂದ ಬಳಸಿ ತಂದು ಮುಂದಿಡುತ್ತಿದ್ದಳು. ಹೆಜ್ಜೆಹೆಜ್ಜೆಗೂ ಸೊಂಟ ವಾಲುತ್ತಿತ್ತು, ಬೆನ್ನು ಅದರ ಎದುರಿಗೆ ಬಾಗುತ್ತಿತ್ತು. ಆದರೆ ತಲೆ... ತಲೆ ಮಾತ್ರ ಅಲುಗುತ್ತಿರಲಿಲ್ಲ. ಕೆಳಗೆ ಅಷ್ಟೆಲ್ಲ ಗದ್ದಲವಿದ್ದರೂ ಮೇಲೆ ಹೊರೆ ತೆಪ್ಪಗೆ ಕುಳಿತಿರುತ್ತಿತ್ತು. ಅವ್ವ ಎಂದೂ ಹೊರೆ ಕೆಡವಿದವಳಲ್ಲ. ಅದು ಅವಳ ಜಂಬವೂ ಆಗಿತ್ತು. ಹೊರೆ ಇಳಿಸಲು ಯಾರಾದರೂ ಕೈ ಚಾಚಿದರೆ, "ನಿಂದ ನೀ ನೋಡ್ಕೋ ತಂಗಿ," ಅನ್ನುತ್ತಿದ್ದಳು.

ಆ ತಲೆಯನ್ನು ನಿಲ್ಲಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ರಜೆಗೆ ಊರಿಗೆ ಹೋದಾಗಲೆಲ್ಲ ಅವ್ವನ ಹಿಂದೆಯೇ ನಡೆದೆ. "ಏನ ಬೆನ್ನ ಹತ್ತೀದಿ ಬೇ, ಎಮ್ಮಿ ಕರುವಿನಂಗ?" ಎಂದು ನಗುತ್ತಿದ್ದಳು. ಕ್ಲಾಸಿಗೆ ಮರಳಿ ಸೊಂಟದ ಜಾಯಿಂಟು ಎಳೆದು ಬೆನ್ನೆಲುಬು ತಿದ್ದಿದರೆ ಕುತ್ತಿಗೆ ಜೋಲುತ್ತಿತ್ತು. ಕುತ್ತಿಗೆ ತಿದ್ದಿದರೆ ಹೆಗಲು ಮುರಿದಂತಾಗುತ್ತಿತ್ತು. ಅಂತೂ ಒಂದು ದಿನ ಗೊಂಬೆ ಅವ್ವನಂತೆ ನಡೆಯಿತು. ಸರ್ ನನ್ನ ಕುರ್ಚಿಯ ಹಿಂದೆ ನಿಂತು ಬಹಳ ಹೊತ್ತು ನೋಡಿದರು. "ತಲಿ ನೋಡ್ರಿ ಎಲ್ಲಾರೂ. ಕೆಳಗ ಅಷ್ಟ ಹೊಯ್ದಾಡಿದ್ರೂ ತಲಿ ಅಳ್ಳಾಡವಲ್ದು. ಇದಕ್ಕ ಅನ್ನೂದು ನಡಿಗಿ," ಅಂದರು. ನನ್ನ ಕಣ್ಣಲ್ಲಿ ನೀರು ಬಂತು. ಈಗ ನೆನೆದರೆ ಮೈ ಉರಿಯುತ್ತದೆ. ಆ ತಲೆಯ ಬೆಲೆ ಅವರಿಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದರು ಎಂದುಕೊಳ್ಳುವ ಸಮಾಧಾನವನ್ನೂ ಆ ಮನುಷ್ಯ ನನಗೆ ಉಳಿಸಲಿಲ್ಲ.

ಕೋರ್ಸು ಮುಗಿಸಿ ಬಂದ ಮೇಲೆ ಬೇಸಿಗೆಯಲ್ಲಿ ಒಂದು ಜಾಹೀರಾತು ಎಲ್ಲರ ಫೋನಿಗೂ ಬಂತು. ಯಾವುದೋ ಮಂಡಿನೋವಿನ ಎಣ್ಣೆಯದು. ಮುದುಕಿಯೊಬ್ಬಳು ಹೊರೆ ಹೊತ್ತು ಕುಂಟುತ್ತ ಬರುತ್ತಾಳೆ. ಸೊಂಟ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ. ಜೊತೆಗೆ ಟಯ್ಞ್ ಟಯ್ಞ್ ಎಂಬ ಸದ್ದು. ತಲೆ ಕುಂಬಾರನ ಚಕ್ರದ ಮೇಲಿನ ಗಡಿಗೆಯಂತೆ ತಿರುಗುತ್ತದೆ, ಹೊರೆ ಬೀಳುತ್ತದೆ, ಎಮ್ಮೆ ನಗುತ್ತದೆ. ಎಣ್ಣೆ ಹಚ್ಚಿದ ಮೇಲೆ ಮುದುಕಿ ಕುಣಿಯುತ್ತಾಳೆ. ಎಡಗಾಲು ಬಳಸಿ ಇಡುವ ಆ ಹೆಜ್ಜೆ ನೋಡಿದ ಕೂಡಲೇ, ಇದು ನಾನು ಮಾಡಿದ ಅವ್ವನ ನಡಿಗೆಯೇ ಎಂದು ಗೊತ್ತಾಯಿತು. ನನಗೊಬ್ಬಳಿಗೇ ಗುರುತು ಸಿಕ್ಕಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ಇಡೀ ಉಗಾರಕ್ಕೆ ಸಿಕ್ಕಿತು. ಅಥಣಿಯಿಂದ ಸೋದರತ್ತೆ ಫೋನು ಮಾಡಿ, "ನಮ್ಮ ವೈನಿ ಜಾಹೀರಾತಿನ್ಯಾಗ ಬಂದಾಳಂತ?" ಎಂದು ಅವ್ವನ ಬಗ್ಗೆ ನಕ್ಕಳು. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತವರು ಅವ್ವ ಬಂದರೆ ಬಾಯಲ್ಲೇ ಟಯ್ಞ್ ಅನ್ನತೊಡಗಿದರು.

ಆ ಫೈಲು ಇದ್ದದ್ದು ಸರ್ ಹತ್ತಿರ ಮಾತ್ರ. ನಿಪ್ಪಾಣಿಗೆ ಹೋಗಿ ಜಗಳ ತೆಗೆದೆ. ಸರ್ ಕುರ್ಚಿಯಿಂದ ಏಳಲೂ ಇಲ್ಲ.

"ಅಗ ಪೋರಿ, ನಿಮ್ಮವ್ವನ ಹೆಸರ ಹಾಕೇನೇನ? ಮಾರಿ ಹಾಕೇನೇನ? ಗೊಂಬಿ ಅದು. ಮಂದಿಗೆ ನಗೂದ ಬೇಕು, ಸ್ವಲ್ಪ ಏರಿಸಿ ಮಾಡೇನಿ."

"ನನ್ನ ಫೈಲ್ ನಂಗ ಕೊಡ್ರಿ. ನಾ ಮಾಡಿದ್ದು, ಹೆಂಗಿತ್ತೋ ಹಂಗ."

"ಐತಿ ಇಲ್ಲೇ ಎಲ್ಲೋ. ಹುಡುಕಿ ಕೊಡತೇನಿ. ಕಾಳಜಿ ಕರೂ ನಕೋ, ಚಿಂತಿ ಮಾಡಬ್ಯಾಡ."

ಕೊಡಲಿಲ್ಲ. ಫೋನು ಮಾಡಿದರೆ ನಾಳೆ, ನಾಡಿದ್ದು. ಆಮೇಲೆ ಫೋನು ಎತ್ತುವುದನ್ನೇ ಬಿಟ್ಟರು. ಆಗ ನನ್ನದೆಂಬ ಕಂಪ್ಯೂಟರ್ ಇರಲಿಲ್ಲ, ಇದ್ದದ್ದೆಲ್ಲ ಕ್ಲಾಸಿನ ಮಶೀನಿನಲ್ಲೇ. ಎದುರಿಗೆ ನಿಂತು ಬೈದು ಬಂದೆ. ಇನ್ನೂ ಬೈಯಬೇಕಿತ್ತು.

ಅವ್ವ ನನ್ನನ್ನೂ ಅನ್ನಲಿಲ್ಲ, ಅವರನ್ನೂ ಅನ್ನಲಿಲ್ಲ. ಮೊದಲು ಬಸ್ ಸ್ಟ್ಯಾಂಡಿನ ದಾರಿ ಬಿಟ್ಟು ಹೊಲದ ಬದುವಿನ ಮೇಲೆ ಬರತೊಡಗಿದಳು. ಆಮೇಲೆ ಎಮ್ಮೆ ಮಾರಿಸಿದಳು. ಆಮೇಲೆ ಕುಳಿತಲ್ಲೇ ಕುಳಿತಳು. ಯಾರಾದರೂ ವಿಡಿಯೋ ತೆಗೆಯಲೆಂಬಂತೆ ಫೋನು ಎತ್ತಿ ಹಿಡಿದರೆ ಸಾಕು, ನಡೆಯುತ್ತಿದ್ದವಳು ಅಲ್ಲೇ ಕೂತುಬಿಡುತ್ತಿದ್ದಳು. ಹೋದ ವರ್ಷ ಅವಳು ತೀರಿಕೊಂಡಾಗ ಡಾಕ್ಟರು ಏನೋ ಬೇರೆ ಕಾರಣ ಹೇಳಿದರು. ಹೇಳಲಿ. ನನ್ನ ಲೆಕ್ಕ ನನಗಿದೆ. ಅವಳು ನಡೆಯುವ ಒಂದೇ ಒಂದು ವಿಡಿಯೋ ನಮ್ಮಲ್ಲಿಲ್ಲ. ಕ್ಲಾಸಿನ ಆ ಫೈಲಿನಲ್ಲಾದರೂ ಅವ್ವ ನಡೆಯುತ್ತಿದ್ದಾಳೆ ಎಂಬ ಆಸೆಯೊಂದೇ ಇತ್ತು.

ನಿನ್ನೆ ಮಧ್ಯಾಹ್ನ ಡಿಸ್ಕು ಹಚ್ಚಿದೆ. ಫೋಲ್ಡರ್ ಇತ್ತು. ಫೈಲೂ ಇತ್ತು, ಒಂದೇ ಒಂದು. ತೆರೆದೆ... ಗೊಂಬೆಯ ತಲೆ ಗಡಿಗೆಯಂತೆ ತಿರುಗಿತು.

ನನ್ನ ಫೈಲಿನ ಮೇಲೆಯೇ ಕೆಲಸ ಮಾಡಿ ಅದರ ಮೇಲೆಯೇ ಸೇವ್ ಮಾಡಿದ್ದರು. ಒಂದು ಪ್ರತಿ ತೆಗೆದಿಟ್ಟಿರಲಿಲ್ಲ. ತಿದ್ದುವ ಮೊದಲು ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಿ ಎಂದು ದಿನಾ ನಮ್ಮ ತಲೆ ತಿಂದ ಮನುಷ್ಯ, ನನ್ನ ಅವ್ವನ ವಿಷಯದಲ್ಲಿ ಅಷ್ಟು ಕಷ್ಟ ತೆಗೆದುಕೊಳ್ಳಲಿಲ್ಲ.

ತಿದ್ದಲು ಕುಳಿತೆ. ಎಮ್ಮೆ ಅಳಿಸಿದೆ. ಹೊರೆ ಎತ್ತಿ ಮೇಲಿಟ್ಟೆ. ತಲೆ ನಿಲ್ಲಿಸಿದೆ, ಅದು ಅಲುಗಬಾರದು ಎಂಬುದು ಗೊತ್ತಿತ್ತಲ್ಲ. ಉಳಿದದ್ದು ಸೊಂಟ. ಅವರು ಅದರ ವಾಲಾಟವನ್ನೂ ಏರಿಸಿದ್ದರು. ಇಳಿಸಿದೆ. ಅವ್ವನಲ್ಲ. ಇನ್ನಷ್ಟು ಇಳಿಸಿದೆ. ಯಾರೋ ಬೇರೆ ಹೆಂಗಸು. ಮತ್ತೆ ಏರಿಸಿದೆ. ಕೊನೆಗೆ ಅವರು ಕಲಿಸಿದಂತೆಯೇ ಎದ್ದು ನಿಂತು, ಟವೆಲ್ಲನ್ನು ಸಿಂಬೆ ಸುತ್ತಿ ತಲೆಯ ಮೇಲಿಟ್ಟುಕೊಂಡು ಕೋಣೆಯಲ್ಲಿ ನಡೆದೆ. ಎಡಗಾಲು ಬಳಸಿ ಇಟ್ಟ ಕೂಡಲೇ ಮೈಗೆ ನೆನಪಾದದ್ದು ಆ ಜಾಹೀರಾತಿನ ಮುದುಕಿ. ಅಷ್ಟು ಸಲ ಅದನ್ನೇ ನೋಡಿ ನೋಡಿ, ಅವ್ವ ಎಷ್ಟು ವಾಲುತ್ತಿದ್ದಳೆಂದು ನನಗೇ ಮರೆತುಹೋಗಿದೆ.

ಅವಳ ನಡಿಗೆಯನ್ನು ಒಂದೊಂದು ಜಾಯಿಂಟಾಗಿ ನೋಡಿದವರು ಇಬ್ಬರೇ, ನಾನು ಮತ್ತು ಅವರು. ಎಷ್ಟು ಏರಿಸಿದರೆಂದು ಗೊತ್ತಿದ್ದವರು ಅವರೊಬ್ಬರೇ. ನಿಪ್ಪಾಣಿಯ ಆ ನಂಬರು ಇನ್ನೂ ನನ್ನ ಫೋನಿನಲ್ಲಿದೆ. ಹಾಳಾದ ಮನುಷ್ಯ ಬದುಕಿದ್ದರೆ ಇವತ್ತು ನಾನೇ ಫೋನು ಮಾಡಿ, ಸಿಟ್ಟೆಲ್ಲ ಪಕ್ಕಕ್ಕಿಟ್ಟು, ಸರ್ ಅಂತಲೇ ಕರೆದು ಕೇಳುತ್ತಿದ್ದೆ.