ಆ ಕಡೆ ಹಿಡಿಯುವವರು

ಶರ್ಟಿನ ಮೇಲೆ ಅಚ್ಚು ಹಾಕಿದ ಬಣ್ಣಕ್ಕೆ ಸರಿಯಾಗಿ ಬಿಸಿ ಕೊಡಬೇಕು, ಇಲ್ಲದಿದ್ದರೆ ಒಗೆದಾಗ ಉದುರುತ್ತದೆ. ಬೀದರಿನ ಪಕ್ಕದ ಕೊಳಾರದಲ್ಲಿರುವ ನನ್ನ ಶೆಡ್ಡಿಗೆ ಅಂಥ ಮಷಿನ್ ಬೇಕಿತ್ತು. ಭಾಲ್ಕಿಯಲ್ಲಿ ಅಂಗಡಿ ಮುಚ್ಚಿ ಮಷಿನ್ ಮಾರುತ್ತಿದ್ದ ಒಬ್ಬರ ಹತ್ತಿರ ಹೋದೆ. ಅವರದು ಬೆಲ್ಟಿನದು, ಅಂದರೆ ಈ ತುದಿಯಲ್ಲಿಟ್ಟ ಶರ್ಟ್ ಬಿಸಿಯೊಳಗೆ ಹಾದು ಆ ತುದಿಗೆ ಬರುತ್ತದೆ.

“ಆ ಕಡಿ ಯಾರು ಹಿಡೀತಾರ್ರಿ?” ಎಂದು ಕೇಳಿದರು.

“ನಾ ಒಬ್ಬನೇ ಇದೀನ್ರಿ.”

“ಹಂಗಾದ್ರ ಬ್ಯಾಡ್ರಿ. ನಮ್ಮಾಕಿ ಹಿಡೀತಿದ್ಳು. ಆಕಿ ತೀರಿಕೊಂಡ ಮ್ಯಾಲ ನೆಲಕ್ಕ ಬಿದ್ದ ಅಂಗಿ ಎತ್ತಿ ಎತ್ತಿ ಸಾಕಾಗ್ಯಾದ.”

ಮಾರಲು ಕೂತವರೇ ಹೀಗೆಂದ ಮೇಲೆ ಕೈಮುಗಿದು ಹೊರಟೆ.

ಬೀದರಿಗೆ ಬಂದು ಕೈಯಿಂದ ಒತ್ತುವ ಹೀಟ್ ಪ್ರೆಸ್ ತಗೊಂಡೆ. ಅದಕ್ಕೆ ಒಬ್ಬರೇ ಸಾಕು. ಶರ್ಟ್ ಆದಾಗ ಪೀಂ ಎನ್ನುತ್ತದೆ. “ಬಂದ್ನಿ ತಡಿ,” ಎನ್ನುತ್ತೇನೆ. ಮಷಿನ್ನಿಗೇ ಹೇಳುವುದು, ಶೆಡ್ಡಿನಲ್ಲಿ ಮತ್ಯಾರೋ ಇದ್ದಾರೆಂದು ನೀವು ತಿಳಿಯಬಾರದು.