ಹೊಳಿ ದಾಟಿಸಿದ ಚುಕ್ಕಿ ಬೆಕ್ಕು

ನಿಂಗವ್ವಾ, ನಿನ್ನ ಚುಕ್ಕಿ ಬೆಕ್ಕು ತಾನಾಗಿ ಹೋಗಿದ್ದಲ್ಲ. ಗೋಣಿಚೀಲದಾಗ ಹಾಕಿ ಹೊಳಿ ದಾಟಿಸಿ ಬಿಟ್ಟು ಬಂದಾಕಿ ನಾನು — ನಿನ್ನ ನೆಗೆಣ್ಣಿ, ಈ ಮನಿ ದೊಡ್ಡ ಸೊಸಿ, ನೀ ಅಕ್ಕಾ ಅಕ್ಕಾ ಅಂತ ಕರಿಯೂ ಈ ಗಂಗವ್ವ. ಇಷ್ಟು ವರ್ಷ ಒಂದೇ ಒಲಿಮುಂದ ಕುಂತು ರೊಟ್ಟಿ ಬಡದ್ವಿ. ಹೇಳಾಕ ಬಾಯಿ ಬರಲಿಲ್ಲ.

ಶಕ್ತಿನಗರದಾಗ ಕರೆಂಟಿನ ಕಾರ್ಖಾನಿ ಕಟ್ಟಾಕತ್ತಿದ್ದ ಕಾಲ. ನೀ ಮಾನ್ವಿ ಕಡಿಂದ ದೇವದುರ್ಗದ ಈ ಹೊಳಿದಂಡಿ ಊರಿಗೆ ಸಣ್ಣ ಸೊಸಿಯಾಗಿ ಬಂದು ಇನ್ನಾ ವರ್ಷ ತುಂಬಿರಲಿಲ್ಲ. ತವರಿಂದ ತಂದಿದ್ದ ನಿನ್ನ ಬೂದಿಬೆಕ್ಕು ಹೊಳಿದಂಡಿ ಜೇಕುಹುಲ್ಲಿನಾಗಿನ ಕಾಡುಬೆಕ್ಕಿನ ಕೂಡ ಕೂಡಿ ಮರಿ ಹಾಕಿತು. ಉಳಿದದ್ದು ಒಂದೇ. ಉದ್ದನ ಕಾಲು, ಕಿವಿ ತುದಿಗೆ ಕರಿ ಕೂದಲ, ಮೈತುಂಬ ಚುಕ್ಕಿ — ಥೇಟ್ ಚಿರತಿ ಮರಿ.

ಶಕ್ತಿನಗರದಾಗ ಕೆಲಸಕ್ಕಿದ್ದ ನಮ್ಮ ನಾದಿನಿ ಗಂಡ ಬಂದಾಗ ಅದನ್ನ ನೋಡಿ ಅಂದ, "ಫಾರಿನ್‌ದಾಗ ಹಿಂಗ ಕಾಣಲಿ ಅಂತನ ಕಾಡುಬೆಕ್ಕು ಮನಿಬೆಕ್ಕು ಕೂಡಿಸಿ ತಳಿ ತಗೀತಾರಂತ್ರೀ ಅತ್ತಿ. ನಿಮ್ಮ ಮನ್ಯಾಗ ಪುಕ್ಕಟ ಹುಟ್ಯಾದ." ಅತ್ತಿ ನಿನ್ನ ಕಡಿ ಕೈ ಮಾಡಿ, "ಎಲ್ಲಾ ಸಣ್ಣ ಸೊಸಿ ಕಾಲ್ಗುಣರೀ" ಅಂದ್ಳು.

ಕಾಲ್ಗುಣ! ಆ ಮನ್ಯಾಗ ಸೆಗಣಿ ಬಳದು ನನ್ನ ಕೈ ಸವದಿದ್ವು, ಒಂದಿನ ಆ ಮಾತು ನನಗ ಬಿದ್ದಿರಲಿಲ್ಲ. ನೋಡಾಕ ಬಂದವರಿಗೆಲ್ಲ ನಾ ಚಾ ಕಾಸೂದು, ನೀ ಬೆಕ್ಕು ತೋರಿಸೂದು. ಹೊಟ್ಟಿಕಿಚ್ಚು, ಮತ್ತೇನು. ನೀ ಅದನ್ನ ಉಡಿಯಾಗ ಹಾಕ್ಕೊಂಡು ಕುಂತ್ರ ನನ್ನ ಕಣ್ಣು ಉರಿಯೂವು.

ಬೆಕ್ಕು ಕೊಂದ್ರ ಬಂಗಾರದ ಬೆಕ್ಕು ದಾನ ಕೊಟ್ರೂ ಪಾಪ ಹೋಗಂಗಿಲ್ಲ ಅಂತಾರ. ಹೊಳಿ ದಾಟಿಸಿದ ಬೆಕ್ಕು ತಿರುಗಿ ಬರಂಗಿಲ್ಲ — ಇದೂ ಹಿರೇರ ಮಾತೇ. ನೀ ಬುತ್ತಿ ತಗೊಂಡು ಹೊಲಕ್ಕ ಹೋದಾಗ ಮರಿನ ಚೀಲಕ್ಕ ಹಾಕಿದೆ. ದಿಕ್ಕು ತಪ್ಪಲಿ ಅಂತ ಚೀಲ ಗರಗರ ತಿರುಗಿಸಿ ಹರಗೋಲು ಹತ್ತಿದೆ. "ಏನವ್ವಾ ಅದು?" ಅಂದ ಅಂಬಿಗ. "ಕಳ್ಳಬೆಕ್ಕು" ಅಂದೆ. ಕಳ್ಳಬೆಕ್ಕನ್ನ ಎಲ್ಲಾರೂ ದಾಟಿಸ್ತಾರ, ಆತ ಹುಟ್ಟು ಹಾಕಿದ.

ಸಂಜಿಗೆ ನೀ ಹಾಲಿನ ಬಟ್ಟಲ ಹಿಡಕೊಂಡು ಜೇಕಿನಾಗ ಕೂಗಾಕತ್ತಿದ್ದಿ. ನಾನೇ ನಿನ್ನ ಕೈ ಹಿಡದು ಕರಕೊಂಡು ಬಂದೆ. "ಕಾಡಿನ ರಕ್ತ, ಕಾಡಿಗೇ ಹೋತು ಬಿಡು ತಂಗಿ" ಅಂದೆ.

ಅತ್ತಿ ಮಾತು ಅವತ್ತೇ ತಿರುಗಿತು. "ಬಂದ ಭಾಗ್ಯ ಇಕಿ ಕಾಲಿಗೆ ನಿಲ್ಲಲಿಲ್ಲ." ಆಮ್ಯಾಲ ಎತ್ತು ಸತ್ರೂ ನಿನ್ನ ಕಾಲ್ಗುಣ, ಹಾಲು ಒಡದ್ರೂ ನಿನ್ನ ಕಾಲ್ಗುಣ. ಅತ್ತಿ ಸಾಯೂತನಕ ಅನಿಸಿಕೊಂಡಿ. ನಾ ಬಾಜೂಕ ಕುಂತು ಕೇಳಿದೆ — ಖರೇ ಹೇಳ್ಬೇಕಂದ್ರ ಮೊದಮೊದಲು ಖುಷಿನೇ ಆಗಿತ್ತು. ಆಮ್ಯಾಲ ಹೇಳಬೇಕಂದ್ರೂ…

ಮೊನ್ನಿ ನಿನ್ನ ಸೊಸಿಗೆ ಆ ಬೆಕ್ಕಿನ ಕಥಿ ಹೇಳಾಕತ್ತಿದ್ದಿ. "ಕಾಡಿನ ರಕ್ತ, ಕಾಡಿಗೇ ಹೋತು. ನನ್ನ ಕಾಲ್ಗುಣನೇ ಹಂಗ" ಅಂತ ನಕ್ಕಿ. ನನ್ನ ಸುಳ್ಳು ನಿನ್ನ ಬಾಯಾಗ ಕೇಳಿ ಇವತ್ತು ಹೇಳಾಕ ಕುಂತೀನಿ.

ಅದು ಕಾಡಿಗೆ ಹೋಗಲೇ ಇಲ್ಲ ನಿಂಗವ್ವಾ. ಆಚಿ ದಂಡ್ಯಾಗ ಚೀಲ ಬಿಚ್ಚಿದ್ರ ಜೇಕಿನ ಕಡಿ ನೋಡಲೂ ಇಲ್ಲ. ನನ್ನ ಹಿಂದಿಂದ ಬಂದು ಹರಗೋಲು ಹತ್ತಿ ಕುಂತಿತು — ಮನಿಗೆ ಹೋಗೂಣು ಅನ್ನೂಹಂಗ. ಇಳಿಸಿದೆ. ಮತ್ತ ಹತ್ತಾಕ ಬಂತು. ನಾ ಕಾಲಿಲೆ ದೂಡಿದೆ.