ಭಾವನ ಬೇವಿನ ಪುಸ್ತಕ

ಮಳವಳ್ಳಿ ಕಡೆ ನಮ್ಮ ಭಾವ ಮರಿಸಿದ್ದಯ್ಯನವರ ಮನೆ ಯಾವುದೆಂದು ಕೇಳಿ ನೋಡಿ, "ಆ ಹೂವಿನ್ ಫೋಟೊ ಹುಚ್ಚಪ್ಪಂದಾ?" ಎನ್ನುತ್ತಾರೆ. ನಾನೂ ಬಹಳ ವರ್ಷ ಹಾಗೇ ನಕ್ಕವನು. ಈಗ ಯಾರಾದರೂ ಅಂದರೆ ಮೈ ಉರಿಯುತ್ತದೆ.

ಭಾವ ಜಲಪಾತದ ಪಕ್ಕದ ಊರಾದ ಬ್ಲಫ್‌ನ ಪವರ್ ಹೌಸಿನಲ್ಲಿ ಮೂವತ್ತನಾಲ್ಕು ವರ್ಷ ಆಪರೇಟರ್ ಆಗಿದ್ದರು. ಗಂಟೆಗೊಂದು ಸಲ ಮೀಟರಿನ ಮುಳ್ಳು ನೋಡಬೇಕು, ಲಾಗ್ ಬುಕ್ಕಿನಲ್ಲಿ ಬರೆದು ಸಹಿ ಹಾಕಬೇಕು. ನೋಡುವುದು ತಪ್ಪಿತೋ, ಆ ಗಂಟೆಯ ಜಾಗ ಖಾಲಿ, ಅಂದಾಜಿನಲ್ಲಿ ತುಂಬುವಂತಿಲ್ಲ. "ಕಣ್ಣಲ್ ನೋಡ್ದೆ ಇರೋದ್ನ ಕೈಲಿ ಬರೀಬಾರ್ದು ಕಣ್ಲಾ" ಎಂದು ಸೋಮನಹಳ್ಳಿಯ ಕಾರ್ಖಾನೆಯಲ್ಲಿ ಬೋಲ್ಟು ತಿರುಗಿಸುತ್ತಿದ್ದ ನನಗೆ ಊಟಕ್ಕೆ ಕೂತಾಗಲೆಲ್ಲ ಪಾಠ. ನನ್ನ ಬೋಲ್ಟಿಗೂ ಅದಕ್ಕೂ ಏನು ಸಂಬಂಧವೋ!

ಅವರು ನಿವೃತ್ತರಾದ ವರ್ಷ ಮನೆ ಮುಂದಿನ ಬೇವು ಯುಗಾದಿಗೆ ತಿಂಗಳಿರುವಾಗಲೇ ಹೂ ಬಿಟ್ಟು ಉದುರಿಸಿತು. ಅರಳಿಕಟ್ಟೆಯ ಮೇಲೆ ಕೂತವರು, "ಮೊದ್ಲಿಂದ್ಲೂ ಇಂಗೇ ಅಲ್ವಾ" ಅಂದರು. ಭಾವನಿಗೆ ಕೋಪ ನೆತ್ತಿಗೇರಿತು. "ಯಾವ್ ಮೊದ್ಲು? ಬರ್ದಿಟ್ಟವ್ರಾ?" ಎಂದು ಬೈದು, ಮೈಸೂರಿಗೆ ಹೋಗಿ ಒಂದು ಹಳೇ ಕ್ಯಾಮರಾ, ಹೂವಿಗೆ ಮೂಗು ತಾಗಿಸಿದಂತೆ ಹತ್ತಿರದಿಂದ ಫೋಟೊ ತೆಗೆಯುವ ಲೆನ್ಸು ತಂದರು. ಹೊಂಗೆ, ಹುಣಸೆ, ತುಂಬೆ, ಬೇವು, ಯಾವುದರ ಮೊದಲ ಮೊಗ್ಗು ಎಂದು ಬಿರಿಯಿತು, ಆವತ್ತು ಬಿಸಿಲೆಷ್ಟು, ಎಲ್ಲವೂ ಲಾಗ್ ಬುಕ್ಕಿನಂಥದೇ ಒಂದು ಪುಸ್ತಕಕ್ಕೆ. ಪಕ್ಕದಲ್ಲಿ ಫೋಟೊ. ಯುಗಾದಿ ಬೆಳಿಗ್ಗೆಯಂತೂ ಬೇವಿನ ಹೂವಿನ ಫೋಟೊ ಆಗಬೇಕು, ಆಮೇಲೆಯೇ ಬೇವು ಬೆಲ್ಲಕ್ಕೆ ಹೂ ಕೀಳಬೇಕು. "ಯುಗಾದಿನೇ ಇಂದ್ ಮುಂದ್ ಬತ್ತದಲ್ಲ ಭಾವ" ಎಂದು ಕೆಣಕಿದರೆ, "ಅದ್ಕೇ ಮೊದ್ಲ ಹೂವಿನ್ ತಾರೀಕೂ ಬರ್ದಿವ್ನಿ, ನೋಡ್ಲಾ ಬಡ್ಡೆತ್ತದೆ" ಎಂದು ಪುಸ್ತಕ ಮುಖಕ್ಕೆ ಹಿಡಿಯುತ್ತಿದ್ದರು.

ಅಕ್ಕ ಚಿಕ್ಕಬೋರಮ್ಮ ಆ ಮನೆಗೆ ಸೊಸೆಯಾಗಿ ಬಂದ ಮೊದಲ ಯುಗಾದಿ ನನಗೆ ಚೆನ್ನಾಗಿ ನೆನಪಿದೆ. ಅಂಗಳವೆಲ್ಲ ಬೆಳ್ಳಗೆ. ಅಕ್ಕ ಗುಡಿಸಿದಷ್ಟೂ ಹೂ ಉದುರುತ್ತಿತ್ತು. ಮರದ ಕೆಳಗೆ ಸಾಲಾಗಿ ಎಲೆ ಹಾಕಿ ಕೂತರೆ ಒಬ್ಬಟ್ಟಿನ ಮೇಲೂ ಬೇವಿನ ಹೂ, ತುಪ್ಪದಲ್ಲೂ ಹೂ. ಭಾವನ ತಾಯಿ, "ತಿನ್ನು ಮಗ, ಮರವೇ ಬಡಿಸ್ತಾದೆ" ಎಂದು ನಗುತ್ತಿದ್ದರು. ಅಯ್ಯೋ, ಎಂಥ ದಿನಗಳು!

ನನ್ನ ಹೆಂಡತಿ ಹೋದ ಮೇಲೆ ಯುಗಾದಿಗೆ ಅಕ್ಕನ ಮನೆಗೇ ಹೋಗುತ್ತೇನೆ. ಈ ವರ್ಷವೂ ಹೋದೆ. ಬೆಳಿಗ್ಗೆ ಭಾವ ಎಣ್ಣೆ ಹಚ್ಚಿಕೊಂಡು ಬಚ್ಚಲಲ್ಲಿದ್ದರು. ಅಕ್ಕ, "ಒತ್ತಾಯ್ತು, ಒಸಿ ಹೂ ಕಿತ್ಕೊಡು ಕಣ್ಲಾ ನಾಗರಾಜು" ಅಂದಳು. ಫೋಟೊಗೆ ಮೊದಲು ಕೀಳಬಾರದು ಎಂಬುದು ನನಗೇನು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಮರ ತುಂಬ ಹೂ ನೋಡಿ ಬೆಳೆದ ಕಣ್ಣು. ಒಂದು ಗೊಂಚಲು ಹೋದರೆ ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡೆ. ಕೊಟ್ಟಿಗೆ ಕಡೆಯ ತಗ್ಗಿನ ಕೊಂಬೆಯಲ್ಲಿ ಒಂದು ಕಂಡಿತು. ಕಿತ್ತು ತಟ್ಟೆಗೆ ಹಾಕಿ ಇನ್ನೊಂದಕ್ಕೆ ತಲೆ ಎತ್ತಿದರೆ ಎಲ್ಲಿದೆ ಇನ್ನೊಂದು? ಮರವೆಲ್ಲ ಪುಟ್ಟ ಹಸಿರು ಕಾಯಿ. ಹೂವಿನ ಕಾಲ ಆಗಲೇ ಮುಗಿದಿತ್ತು.

ಅಷ್ಟರಲ್ಲಿ ಭಾವ ತಲೆಗೆ ಟವೆಲ್ಲು ಸುತ್ತಿಕೊಂಡು ಕ್ಯಾಮರಾ ಹಿಡಿದು ಬಂದರು. ಕೊಂಬೆ ನೋಡಿದರು, ತಟ್ಟೆ ನೋಡಿದರು. "ಎಂಟ್ ದಿನದಿಂದ ಅದೊಂದ್ನೇ ಕಾಯ್ತಿದ್ದೆ ಕಣ್ಲಾ" ಅಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಾನು ಸ್ಕೂಟರ್ ಹತ್ತಿ ಕಾಲುವೆ ಏರಿಗೆ ಓಡಿದೆ. ಅಲ್ಲಿನ ಒಂದು ಬೇವಿನಲ್ಲಿ ಇನ್ನೂ ಹೂವಿತ್ತು. ಮುರಿದು ತಂದು, ಅದೇ ಕೊಂಬೆಗೆ ದಾರದಲ್ಲಿ ಕಟ್ಟಿದೆ. "ತಗೀ ಭಾವ, ಬೇವು ಬೇವೇ ಅಲ್ವಾ. ಯಾರ್ಗ್ ಗೊತ್ತಾಯ್ತದೆ?"

ಭಾವ ದಾರದ ಗಂಟಿಗೆ ಕೈ ಹಾಕಿದರು. "ಹದ್ನಾಕ್ ವರ್ಸದ್ ಪುಸ್ತಕ ಕಣ್ಲಾ ಇದು. ಒಂದ್ ಸುಳ್ಳು ಸೇರುದ್ರೆ ಹದ್ನಾಕೂ ಸುಳ್ಳೇ. ಏನೂ ಆಗಿಲ್ಲ ಅನ್ನೋರ್ ಮಾತೇ ಗೆದ್ದೋಯ್ತದೆ." ದಾರ ಬಿಚ್ಚಿ ಆ ರೆಂಬೆಯನ್ನು ಗೋಡೆ ಮೇಲಿಟ್ಟರು. ಆಮೇಲೆ, "ನೀನ್ ಕಿತ್ತುದ್ನ ಅಂಗೈಲಿ ಇಟ್ಕೊ. ಕೈ ಆಡುಸ್ಬ್ಯಾಡ" ಅಂದರು.

ಅಂಗೈ ಚಾಚಿದೆ. ಭಾವ ಒಂದು ಕೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡೇ ಕ್ಲಿಕ್ಕಿಸಿದರು. ಹಿಂದಿನ ಪರದೆಯಲ್ಲಿ ತೋರಿಸಿದರು. ಐದು ಎಸಳು, ನಡುವೆ ಬೆಳ್ಳನೆ ಪುಟ್ಟ ಕೊಳವೆ, ಅದರ ಬಾಯಲ್ಲಿ ಹಳದಿ ಚುಕ್ಕೆಗಳು. ಅರವತ್ತು ವರ್ಷ ಬೇವು ಬೆಲ್ಲ ತಿಂದಿದ್ದೇನೆ, ಒಂದು ದಿನವೂ ಅದನ್ನು ನೋಡಿರಲಿಲ್ಲ. ಕಣ್ಣಲ್ಲಿ ನೀರು ತುಂಬಿತು, ಒರೆಸಿಕೊಳ್ಳಲಿಲ್ಲ.

ಭಾವ ಪುಸ್ತಕದಲ್ಲಿ ಬರೆದರು: "ಯುಗಾದಿ. ಮರದಲ್ಲಿ ಒಂದೇ ಗೊಂಚಲು. ಫೋಟೊಗೆ ಮೊದಲು ನಾಗರಾಜು ಕಿತ್ತ." ಪೆನ್ನು ನನ್ನ ಕಡೆ ಚಾಚಿದರು. ನಾಚಿಕೆ ನುಂಗಿಕೊಂಡು ಸಹಿ ಹಾಕಿದೆ. ಅಕ್ಕ ಆ ಹೂವನ್ನು ಬೆಲ್ಲಕ್ಕೆ ಹಾಕಲಿಲ್ಲ, ಮನಸ್ಸೇ ಬರಲಿಲ್ಲವಂತೆ. ಎಳೆ ಚಿಗುರು ಹಾಕಿ ಕೊಟ್ಟಳು, ಮೂವರೂ ತಿಂದೆವು.

ಹೊರಡುವಾಗ ಕೇಳಿದೆ. "ಮುಂದಿನ್ ಯುಗಾದೀಲಿ ಒಂದೂ ಇಲ್ದೆ ಹೋದ್ರೆ ಏನ್ ಮಾಡೀಯೆ ಭಾವ?"

"ಬರೀ ಕೊಂಬೆ ತಗೀತೀನಿ" ಅಂದರು. ಆಮೇಲೆ ನನ್ನ ಸ್ಕೂಟರಿನ ಹ್ಯಾಂಡಲ್ ಹಿಡಿದು, "ಅದೊಂದ್ನ ಮಾತ್ರ ಒಬ್ನೇ ನಿಂತ್ಕೊಂಡ್ ತಗಿಯಕ್ ನನ್ ಕೈಲಾಗಲ್ಲ ಕಣ್ಲಾ. ನೀನ್ ಬಂದ್ಬುಡು."

"ಬತ್ತೀನಿ ಭಾವ" ಅಂದೆ.